ಬೆಳ್ಳಿ ನೀರಿನ ಎರಡು ಬಾಟಲಿಗಳು: ಲೇಬಲ್ಲು ಹೇಳುವುದೊಂದು, ಉಪ್ಪಿನ ಹರಳು ತೋರಿಸುವುದು ಇನ್ನೊಂದು

ಚಿಕ್ಕಮಗಳೂರಿನ ಪೇಟೆಯಲ್ಲಿ ಸಾವಯವ ಪದಾರ್ಥಗಳನ್ನು ಮಾರುವ ಅಂಗಡಿಯೊಂದರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಜೇನುತುಪ್ಪದ ಶೀಷೆಗಳ ಮತ್ತು ಕಾಳುಮೆಣಸಿನ ಪೊಟ್ಟಣಗಳ ನಡುವೆ, ಈ ಮಳೆಗಾಲದಲ್ಲಿ ಎರಡು ಬಗೆಯ ‘ಕೊಲಾಯ್ಡಲ್ ಸಿಲ್ವರ್’ ಬಾಟಲಿಗಳು ಕಾಣಿಸಿಕೊಂಡವು. ಮೊದಲನೆಯದು ನೀರಿನಂತೆ ತಿಳಿಯಾಗಿದ್ದು, 10 ಪಿಪಿಎಂ (ಎಂದರೆ ಲೀಟರಿಗೆ 10 ಮಿಲಿಗ್ರಾಂ ಬೆಳ್ಳಿ) ಎಂಬ ಗುರುತು ಹೊತ್ತ 100 ಮಿಲಿಲೀಟರಿನ ಬಾಟಲಿ. ಬೆಲೆ 650 ರೂಪಾಯಿ. ಎರಡನೆಯದು ಕಷಾಯದ ಬಣ್ಣದ್ದು, 500 ಪಿಪಿಎಂ, 50 ಮಿಲಿಲೀಟರು. ಬೆಲೆ 1,200 ರೂಪಾಯಿ. ಆಲ್ದೂರಿನ ಬಳಿ ಸಣ್ಣ ಕಾಫಿ ತೋಟ ಮಾಡಿಕೊಂಡಿರುವ ನಮ್ಮ ಭಾವನವರು, ಮೂರು ವಾರಗಳಿಂದ ಬಿಡದ ಕೆಮ್ಮಿಗೆ ಯಾರೋ ಹೇಳಿದರೆಂದು ಎರಡನ್ನೂ ಕೊಂಡು ತಂದು, “ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಹೇಳಿದ್ದೀಯಲ್ಲ, ಕುಡಿಯಬಹುದೋ ಬೇಡವೋ ನೋಡಿ ಹೇಳು” ಎಂದು ನನ್ನ ಮೇಜಿನ ಮೇಲಿಟ್ಟು ಹೋದರು. ಪದವಿಪೂರ್ವ ಕಾಲೇಜಿನ ಕೆಲಸದಿಂದ ನಿವೃತ್ತನಾದ ಮೇಲೆ ಇಂತಹ ಪರೀಕ್ಷೆಗಳಿಗೆ ಬಿಡುವು ಬೇಕಾದಷ್ಟಿರುವುದರಿಂದ, ಒಂದು ವಾರ ಕುಳಿತು ನೋಡಿ ಬರೆದ ವಿಮರ್ಶೆಯಿದು. ಅಂಗಡಿಯ ಉಳಿದ ಪದಾರ್ಥಗಳ ಬಗ್ಗೆ ನನಗೆ ದೂರಿಲ್ಲ. ಅಲ್ಲಿನ ಕೆಂಪಕ್ಕಿಯನ್ನು ನಾವು ಈಗಲೂ ತರುತ್ತೇವೆ.

ತಿಳಿ ಬಾಟಲಿಯ ಲೇಬಲ್ಲು ಮೂರು ಮಾತುಗಳನ್ನು ದಪ್ಪಕ್ಷರದಲ್ಲಿ ಹೇಳುತ್ತದೆ: ಇದರಲ್ಲಿರುವುದು ಶುದ್ಧ ಬೆಳ್ಳಿ ಲೋಹದ ಅತಿಸೂಕ್ಷ್ಮ ಕಣಗಳು ಮಾತ್ರ, ಇದರಲ್ಲಿ ಅಯಾನುಗಳಿಲ್ಲ, ಬೆಳ್ಳಿಯ ಯಾವ ಸಂಯುಕ್ತವೂ ಇಲ್ಲ. ನನ್ನ ವಿಮರ್ಶೆಯ ಹೆಚ್ಚಿನ ಭಾಗ ಈ ಮೂರು ಮಾತುಗಳನ್ನು ಕುರಿತದ್ದೇ ಆಗಿದೆ, ಏಕೆಂದರೆ ಮೂರೂ ಸುಳ್ಳೆಂಬುದನ್ನು ಅಡುಗೆಮನೆಯ ಸಾಮಾನಿನಿಂದಲೇ ತೋರಿಸಬಹುದು.

‘ಕೊಲಾಯ್ಡ್’ಗೆ ಕನ್ನಡದಲ್ಲಿ ಕಲಿಲ ಎನ್ನುತ್ತೇವೆ. ಕಲಿಲ ಎಂದರೆ ಕರಗದ ಕಣಗಳು ದ್ರವದಲ್ಲಿ ತಳಕ್ಕಿಳಿಯದೆ ತೇಲಿಕೊಂಡಿರುವ ಸ್ಥಿತಿ. ಹಾಲು ಕಲಿಲ, ಮಸಿ ಕಲಿಲ, ಮುಳ್ಳಯ್ಯನಗಿರಿಯ ದಾರಿಯಲ್ಲಿ ಜೀಪಿನ ದೀಪದ ಬೆಳಕನ್ನು ಕೋಲಿನಂತೆ ಕಾಣಿಸುವ ಮಂಜೂ ಒಂದು ಬಗೆಯ ಕಲಿಲವೇ. ಉಪ್ಪು ಕರಗಿದ ನೀರು ಕಲಿಲವಲ್ಲ, ಅದು ದ್ರಾವಣ. ಅದರಲ್ಲಿ ಕಣಗಳಿಲ್ಲ, ವಿದ್ಯುದಂಶ ಹೊತ್ತ ಬಿಡಿ ಪರಮಾಣುಗಳು, ಅಂದರೆ ಅಯಾನುಗಳು ಇವೆ. ಬೆಳ್ಳಿಯ ನಿಜವಾದ ಕಲಿಲವನ್ನು ಕಣ್ಣಿನಿಂದಲೇ ಗುರುತಿಸಬಹುದು. ಕೆಲವೇ ನ್ಯಾನೊಮೀಟರುಗಳಿಂದ ಕೆಲವು ಹತ್ತು ನ್ಯಾನೊಮೀಟರುಗಳವರೆಗಿನ ಬೆಳ್ಳಿಯ ಕಣಗಳಲ್ಲಿರುವ ಎಲೆಕ್ಟ್ರಾನುಗಳು ಸುಮಾರು 400 ನ್ಯಾನೊಮೀಟರ್ ತರಂಗಾಂತರದ ನೇರಳೆ ಬೆಳಕಿಗೆ ಒಟ್ಟಾಗಿ ತೂಗಿ ಅದನ್ನು ಹೀರಿಕೊಳ್ಳುತ್ತವೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ ಬೀಳುತ್ತದೆ. ಚಿನ್ನದ ಕಣಗಳು ನೀರಿಗೆ ಮಾಣಿಕ್ಯದ ಕೆಂಪನ್ನು ಕೊಡುವುದನ್ನು ಮೈಕಲ್ ಫ್ಯಾರಡೆ 1857ರಲ್ಲಿ ವಿವರಿಸಿದ್ದ. ಅಮೆರಿಕದ ಕೇರಿ ಲೀ 1889ರಲ್ಲಿ ಬೆಳ್ಳಿಯ ಕಲಿಲವನ್ನು ತಯಾರಿಸುವ ವಿಧಾನವನ್ನು ಪ್ರಕಟಿಸಿದ. ಹತ್ತು ಪಿಪಿಎಂನಷ್ಟು ಬೆಳ್ಳಿ ಇಂತಹ ಕಣಗಳ ರೂಪದಲ್ಲೇ ಇದ್ದಿದ್ದರೆ ನೀರು ನಿಂಬೆ ಶರಬತ್ತಿಗಿಂತ ಗಾಢವಾದ ಹಳದಿಯಾಗಿ ಕಾಣಬೇಕಾಗಿತ್ತು. ನಮ್ಮ ಬಾಟಲಿಯ ನೀರನ್ನು ಬಿಳಿ ಹಾಳೆಯ ಮೇಲಿಟ್ಟು ನೋಡಿದರೂ ಬಣ್ಣದ ಸುಳಿವಿಲ್ಲ. “ಅಷ್ಟು ಶುದ್ಧವಾಗಿದೆ ಸರ್, ಅದಕ್ಕೇ ಬಣ್ಣವಿಲ್ಲ” ಎಂದು ಅಂಗಡಿಯವರು ಹೇಳಿದ್ದು, ಕೆಂಪಿಲ್ಲದಿರುವುದೇ ಶುದ್ಧ ಕುಂಕುಮದ ಲಕ್ಷಣ ಎಂದಂತಾಯಿತು.

ಹಾಗಾದರೆ ಅದರೊಳಗೆ ಇರುವುದೇನು ಎಂಬುದನ್ನು ತಿಳಿಯಲು ಅದನ್ನು ತಯಾರಿಸುವ ಬಗೆಯನ್ನು ನೋಡಬೇಕು. ಜೊತೆಗಿದ್ದ ಕರಪತ್ರವೇ ಹೆಮ್ಮೆಯಿಂದ ಹೇಳಿಕೊಳ್ಳುವ ಪ್ರಕಾರ, ಭಟ್ಟಿ ಇಳಿಸಿದ ನೀರಿನಲ್ಲಿ ಅಪ್ಪಟ ಬೆಳ್ಳಿಯ ಎರಡು ಕಡ್ಡಿಗಳನ್ನು ಇಳಿಬಿಟ್ಟು ನೇರ ವಿದ್ಯುತ್ತನ್ನು ಹಾಯಿಸಲಾಗುತ್ತದೆ. ಇದು ವಿದ್ಯುದ್ವಿಭಜನೆ, ನಮ್ಮ ದ್ವಿತೀಯ ಪಿಯುಸಿ ಮಕ್ಕಳು ಪ್ರತಿ ವರ್ಷ ಲೆಕ್ಕ ಮಾಡುವ ಸಂಗತಿ. ಧನಾಗ್ರದಲ್ಲಿ ಬೆಳ್ಳಿಯ ಪರಮಾಣು ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಅಯಾನಾಗಿ ನೀರಿಗೆ ಇಳಿಯುತ್ತದೆ; ಋಣಾಗ್ರದಲ್ಲಿ ನೀರು ಒಡೆದು ಜಲಜನಕದ ಗುಳ್ಳೆಗಳೂ ಹೈಡ್ರಾಕ್ಸೈಡ್ ಅಯಾನುಗಳೂ ಹುಟ್ಟುತ್ತವೆ. ಫ್ಯಾರಡೆಯ ನಿಯಮದಂತೆ ಒಂದು ಮಿಲಿಆಂಪಿಯರ್ ವಿದ್ಯುತ್ತು ಒಂದು ಗಂಟೆ ಹರಿದರೆ ಸುಮಾರು 4 ಮಿಲಿಗ್ರಾಂ ಬೆಳ್ಳಿ ಕಡ್ಡಿಯಿಂದ ಕಳಚಿಕೊಳ್ಳುತ್ತದೆ. ನಮ್ಮ ಬಾಟಲಿಯಲ್ಲಿರಬೇಕಾದ ಒಟ್ಟು ಬೆಳ್ಳಿ 1 ಮಿಲಿಗ್ರಾಂ, ಎಂದರೆ ಕಾಲು ಗಂಟೆಯ ಕೆಲಸ. ಕಿಲೋ ಬೆಳ್ಳಿಗೆ ಎರಡು ಲಕ್ಷ ರೂಪಾಯಿ ಎಂದು ಹಿಡಿದರೂ ಅದರ ಬೆಲೆ 20 ಪೈಸೆ. ಉಳಿದ 649 ರೂಪಾಯಿ 80 ಪೈಸೆ ನೀರಿಗೆ, ಪ್ಲಾಸ್ಟಿಕ್ಕಿಗೆ ಮತ್ತು ಕರಪತ್ರದ ಸಾಹಿತ್ಯಕ್ಕೆ.

ಮುಖ್ಯ ಸಂಗತಿಯೆಂದರೆ ಕಡ್ಡಿಯಿಂದ ಇಳಿದ ಬೆಳ್ಳಿ ಅಯಾನಾಗಿಯೇ ಇಳಿಯುತ್ತದೆ. ಅದರಲ್ಲಿ ಸ್ವಲ್ಪ ಪಾಲು ಮಾತ್ರ ಆಮೇಲೆ ಎಲೆಕ್ಟ್ರಾನನ್ನು ಮರಳಿ ಪಡೆದು ಲೋಹದ ಕಣಗಳಾಗಿ ಗುಂಪುಗೂಡುತ್ತದೆ. ಉಳಿದ ಅಯಾನುಗಳು ಋಣಾಗ್ರದಿಂದ ಬಂದ ಹೈಡ್ರಾಕ್ಸೈಡನ್ನು ಜೊತೆಮಾಡಿಕೊಂಡು ಸಿಲ್ವರ್ ಹೈಡ್ರಾಕ್ಸೈಡ್ ಆಗುತ್ತವೆ. ಅದು ನೆಲೆ ನಿಲ್ಲದ ವಸ್ತುವಾದ್ದರಿಂದ ಸಾಂದ್ರತೆ ಹೆಚ್ಚಿದಂತೆ ನೀರನ್ನು ಬಿಟ್ಟುಕೊಟ್ಟು ಕಂದು ಬಣ್ಣದ ಸಿಲ್ವರ್ ಆಕ್ಸೈಡಾಗಿ ಬೇರ್ಪಡುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ಸೇರಿದರೆ ಸ್ವಲ್ಪ ಕಾರ್ಬೊನೇಟೂ ಹುಟ್ಟುತ್ತದೆ. ಆದ್ದರಿಂದ ‘ಸಂಯುಕ್ತವಿಲ್ಲದ ಬೆಳ್ಳಿ ನೀರು’ ಎಂಬುದು ಈ ವಿಧಾನದಲ್ಲಿ ಸಾಧ್ಯವೇ ಇಲ್ಲ. ಧನ ಅಯಾನು ಇದ್ದ ಮೇಲೆ ಅದಕ್ಕೆ ಸರಿತೂಗುವ ಋಣ ಅಯಾನು ಅದೇ ನೀರಿನಲ್ಲಿ ಇರಲೇಬೇಕು.

ಇಲ್ಲಿ ಬೆಳ್ಳಿಯ ಸಂಯುಕ್ತಗಳ ಕರಗುವ ಗುಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎರಡೂ ಬಾಟಲಿಗಳ ಗುಟ್ಟು ಇರುವುದು ಅಲ್ಲಿಯೇ. ಸಿಲ್ವರ್ ನೈಟ್ರೇಟ್ ನೀರಿನಲ್ಲಿ ಸಕ್ಕರೆಯಂತೆ ಕರಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಒಂದು ಲೀಟರು ನೀರು ಎರಡು ಕಿಲೋಗಿಂತ ಹೆಚ್ಚನ್ನು ನುಂಗಿಬಿಡುತ್ತದೆ. ಸಿಲ್ವರ್ ಅಸಿಟೇಟ್ ಲೀಟರಿಗೆ ಸುಮಾರು 10 ಗ್ರಾಂ, ಸಲ್ಫೇಟ್ ಸುಮಾರು 8 ಗ್ರಾಂ. ಆಕ್ಸೈಡಿಗೆ ಬಂದರೆ ಲೆಕ್ಕ ಒಮ್ಮೆಲೇ ಗ್ರಾಮಿನಿಂದ ಮಿಲಿಗ್ರಾಮಿಗೆ ಕುಸಿದು, ಲೀಟರಿಗೆ ಹತ್ತಿಪ್ಪತ್ತು ಮಿಲಿಗ್ರಾಮಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಬ್ಯಾಟರಿ ಕಟ್ಟಿ ಮಾಡಿದ ತಿಳಿ ಬೆಳ್ಳಿ ನೀರು ಮಾರುಕಟ್ಟೆಯಲ್ಲಿ 10 ಪಿಪಿಎಂ, 15 ಪಿಪಿಎಂ ಎಂಬ ಅಂಕಿಗಳನ್ನೇ ಹೊತ್ತು ಬರುವುದಕ್ಕೆ ಕಾರಣ ಇದು. ಅದು ತಯಾರಕರ ಸಂಯಮವಲ್ಲ, ಆಕ್ಸೈಡು ಹಾಕಿದ ಗೆರೆ. ಕ್ಲೋರೈಡು ಇನ್ನೂ ಜಿಪುಣ, ಲೀಟರಿಗೆ 2 ಮಿಲಿಗ್ರಾಂ ಕೂಡ ಕರಗುವುದಿಲ್ಲ. ಬ್ರೋಮೈಡು ಅದಕ್ಕಿಂತ ಹತ್ತು ಪಟ್ಟಿಗೂ ಕಡಿಮೆ, ಅಯೋಡೈಡಿನ ಲೆಕ್ಕವನ್ನು ಮೈಕ್ರೋಗ್ರಾಮಿನಲ್ಲಿ ಹೇಳಬೇಕು. ಸಲ್ಫೈಡಂತೂ ಕರಗುವುದಿಲ್ಲ ಎಂದೇ ತಿಳಿಯಬಹುದು. ಪೆಟ್ಟಿಗೆಯಲ್ಲಿಟ್ಟ ಕಾಲುಗೆಜ್ಜೆ ಹಬ್ಬದ ಹೊತ್ತಿಗೆ ಕಪ್ಪಾಗಿರುವುದು ಈ ಸಲ್ಫೈಡಿನ ಪೊರೆಯಿಂದ.

ಈಗ ಪರೀಕ್ಷೆಗಳ ವಿಷಯ. ನೀರು ಸೋಸುವ ಯಂತ್ರದವರು ಮನೆಮನೆಗೆ ತರುವ ಟಿಡಿಎಸ್ ಮೀಟರನ್ನು ಮೊದಲು ಬ್ಯಾಟರಿ ಅಂಗಡಿಯ ಭಟ್ಟಿ ನೀರಿನಲ್ಲಿ ಅದ್ದಿದೆ: 1 ತೋರಿಸಿತು. ಬೆಳ್ಳಿ ನೀರಿನಲ್ಲಿ ಅದ್ದಿದೆ: 7. ಈ ಮೀಟರು ಬೆಳ್ಳಿಯನ್ನು ಗುರುತಿಸುವುದಿಲ್ಲ, ನೀರು ವಿದ್ಯುತ್ತನ್ನು ಎಷ್ಟು ಹರಿಯಗೊಡುತ್ತದೆ ಎಂಬುದನ್ನಷ್ಟೇ ಅಳೆಯುತ್ತದೆ. ಆದರೂ ಬರಿಯ ಲೋಹದ ಕಣಗಳು ತೇಲುವ ನೀರು ಭಟ್ಟಿ ನೀರಿಗಿಂತ ಗಮನಾರ್ಹವಾಗಿ ಹೆಚ್ಚಿನ ಅಂಕಿಯನ್ನು ತೋರಿಸಲು ಕಾರಣವಿಲ್ಲ. ಮಕ್ಕಳ ಆಟದ ಲೇಸರ್ ದೀಪವನ್ನು ಕತ್ತಲೆಯಲ್ಲಿ ಹಾಯಿಸಿದಾಗ ಬೆಳಕಿನ ಗೆರೆ ಎಳೆಯಷ್ಟು ತೆಳ್ಳಗೆ ಕಂಡಿತು. ತೇಲುವ ಕಣಗಳು ಬೆಳಕನ್ನು ಚದುರಿಸುವುದರಿಂದ ಹೀಗಾಗುತ್ತದೆ, ಇದು ಟಿಂಡಾಲ್ ಪರಿಣಾಮ. ಒಂದಿಷ್ಟು ಕಣಗಳು ಇವೆ ಎಂದು ನಾನು ಒಪ್ಪುತ್ತೇನೆ, ‘ಮಾತ್ರ’ ಎಂಬುದನ್ನು ಒಪ್ಪುವುದಿಲ್ಲ.

ಮೂರನೆಯದೇ ನಿರ್ಣಾಯಕ. ಗಾಜಿನ ಲೋಟದಲ್ಲಿ ಕಾಲುಭಾಗ ಬೆಳ್ಳಿ ನೀರು ಹಾಕಿ ಅಡುಗೆ ಉಪ್ಪಿನ ಹತ್ತು ಹನ್ನೆರಡು ಹರಳುಗಳನ್ನು ಉದುರಿಸಿದೆ. ಹರಳು ಇಳಿದ ದಾರಿಯುದ್ದಕ್ಕೂ ಹಾಲಿನ ಎಳೆಯಂತೆ ಬಿಳುಪು ಎದ್ದು, ಒಂದು ನಿಮಿಷದಲ್ಲಿ ಇಡೀ ಲೋಟ ಮಬ್ಬಾಯಿತು. ಪ್ರಯೋಗಾಲಯದಲ್ಲಿ ಉಪ್ಪಿದೆಯೇ ಎಂದು ನೋಡಲು ಸಿಲ್ವರ್ ನೈಟ್ರೇಟ್ ಹಾಕುತ್ತೇವೆ, “ಮೊಸರಿನಂತಹ ಬಿಳಿಯ ಒತ್ತರ” (ಕರಗದೆ ಬೇರ್ಪಡುವ ವಸ್ತು) ಎಂದು ಮಕ್ಕಳು ರೆಕಾರ್ಡು ಪುಸ್ತಕದಲ್ಲಿ ಬರೆಯುತ್ತಾರೆ. ಇಲ್ಲಿ ಅದನ್ನೇ ಹಿಂದುಮುಂದು ಮಾಡಿದ್ದೇನೆ. ಸಿಲ್ವರ್ ಕ್ಲೋರೈಡೇ ಎಂಬುದನ್ನು ಖಚಿತಪಡಿಸಿಕೊಳ್ಳಲು ಅರ್ಧವನ್ನು ಕಿಟಕಿಯ ಬಿಸಿಲಿನಲ್ಲಿಟ್ಟೆ. ನಮ್ಮೂರಿನ ಆಷಾಢದಲ್ಲಿ ಬಿಸಿಲನ್ನು ಕಾಯುವುದೇ ಒಂದು ಪ್ರಯೋಗ, ಎರಡು ದಿನ ಹಿಡಿಯಿತು. ಕೊನೆಗೆ ಬಿಳುಪು ಬೂದು ಮಿಶ್ರಿತ ನೇರಳೆಗೆ ತಿರುಗಿತು. ಉಳಿದರ್ಧಕ್ಕೆ ಅಮೋನಿಯಾ ದ್ರಾವಣದ ಕೆಲವು ಹನಿ ಹಾಕಿದಾಗ ಮಬ್ಬು ಕರಗಿ ನೀರು ಮತ್ತೆ ತಿಳಿಯಾಯಿತು, ಏಕೆಂದರೆ ಬೆಳ್ಳಿಯ ಅಯಾನು ಎರಡು ಅಮೋನಿಯಾ ಅಣುಗಳನ್ನು ಹಿಡಿದುಕೊಂಡು ಕರಗುವ ಸಂಕೀರ್ಣವಾಗುತ್ತದೆ. ಈ ಕೊನೆಯ ಪರೀಕ್ಷೆಯನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಅಮೋನಿಯಾ ಬೆರೆತ ಬೆಳ್ಳಿ ದ್ರಾವಣವನ್ನು ಇಟ್ಟು ಒಣಗಿಸಿದರೆ ಮುಟ್ಟಿದರೆ ಸಿಡಿಯುವ ವಸ್ತು ಹುಟ್ಟಬಹುದು. ನಾನು ಅದನ್ನು ಕೂಡಲೇ ವಿನೆಗರ್ ಹಾಕಿ ಚೆಲ್ಲಿದೆ.

ಲೇಬಲ್ಲು ಅಯಾನನ್ನು ಇಷ್ಟು ಕಷ್ಟಪಟ್ಟು ನಿರಾಕರಿಸುವುದೇಕೆ ಎಂದು ಯೋಚಿಸಿದಾಗ ನಗು ಬಂತು. ಬೆಳ್ಳಿಗೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಶಕ್ತಿ ಇರುವುದು ನಿಜ. ಆದರೆ ಆ ಶಕ್ತಿ ಇರುವುದು ಅಯಾನಿಗೆ. ಅದು ಬ್ಯಾಕ್ಟೀರಿಯಾದ ಕಿಣ್ವಗಳಲ್ಲಿರುವ ಗಂಧಕದ ಗುಂಪುಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನು ಕೆಡಿಸುತ್ತದೆ. ಲೋಹದ ಕಣ ಮುಖ್ಯವಾಗಿ ಆಮ್ಲಜನಕದೊಡನೆ ವರ್ತಿಸಿ ನಿಧಾನವಾಗಿ ಅಯಾನನ್ನು ಬಿಡುವುದರಿಂದಲೇ ಪರಿಣಾಮ ಬೀರುತ್ತದೆ. ಅಂದರೆ ಲೇಬಲ್ಲಿನ ಮಾತು ನಿಜವಾಗಿದ್ದರೆ ಬಾಟಲಿ ಬಹುಮಟ್ಟಿಗೆ ನಿಷ್ಪ್ರಯೋಜಕ. ಬಾಟಲಿಯಲ್ಲಿ ಏನಾದರೂ ಸತ್ವವಿದ್ದರೆ ಲೇಬಲ್ಲು ಸುಳ್ಳು.

ಸತ್ವವಿದ್ದರೂ ಅದು ಹೊಟ್ಟೆಗೆ ಇಳಿದ ಮೇಲೆ ಉಳಿಯುವುದಿಲ್ಲ ಎಂಬುದು ಮುಂದಿನ ಮಾತು. ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ನನ್ನ ಲೋಟದಲ್ಲಿ ಉಪ್ಪಿನ ಹರಳು ಮಾಡಿದ್ದನ್ನೇ ಅಲ್ಲಿ ಕ್ಲೋರೈಡು ಮಾಡುತ್ತದೆ; ಬೆಳ್ಳಿಯ ಹೆಚ್ಚಿನ ಪಾಲು ಕರಗದ ಕ್ಲೋರೈಡಾಗಿ, ಅಥವಾ ಆಹಾರದ ಪ್ರೋಟೀನಿಗೆ ಅಂಟಿಕೊಂಡು, ಮಲದಲ್ಲಿ ಹೊರಬೀಳುತ್ತದೆ. ರಕ್ತಕ್ಕೆ ಸೇರುವ ಅಲ್ಪ ಪಾಲಿಗೂ ಬಿಡುಗಡೆಯಿಲ್ಲ: ರಕ್ತರಸದ ಪ್ರತಿ ಲೀಟರಿನಲ್ಲಿ ಮೂರೂವರೆ ಗ್ರಾಮಿನಷ್ಟು ಕ್ಲೋರೈಡೂ ಗಂಧಕ ಹೊತ್ತ ಪ್ರೋಟೀನುಗಳೂ ಅದನ್ನು ಹಿಡಿದುಕೊಳ್ಳಲು ಕಾದಿರುತ್ತವೆ. ಕೆಮ್ಮಿನ ಸೂಕ್ಷ್ಮಜೀವಿ ಇರುವ ಜಾಗಕ್ಕೆ ಬಿಡಿ ಅಯಾನು ತಲುಪುವ ದಾರಿಯೇ ಕಾಣುವುದಿಲ್ಲ. “ಹಿರಿಯರು ಬೆಳ್ಳಿ ಲೋಟದಲ್ಲಿ ಹಾಲು ಕುಡಿಸುತ್ತಿರಲಿಲ್ಲವೇ” ಎಂದು ಅಂಗಡಿಯವರು ಕೇಳಿದರು. ಕುಡಿಸುತ್ತಿದ್ದರು, ಆದರೆ ಲೋಟದ ಬೆಳ್ಳಿ ಲೋಹ, ಅದು ಹಾಲಿಗೆ ಬಿಟ್ಟುಕೊಡುವ ಬೆಳ್ಳಿ ತೀರ ಅತ್ಯಲ್ಪ, ಆಮೇಲೆ ಆ ಲೋಟ ಮೊಮ್ಮಕ್ಕಳ ಕಾಲಕ್ಕೂ ತೂಕ ಕಳೆದುಕೊಳ್ಳದೆ ಉಳಿದಿದೆಯಲ್ಲ.

ಇನ್ನು ಕಂದು ಬಾಟಲಿ. ನನಗೆ ಹೆಚ್ಚು ಕಳವಳ ಹುಟ್ಟಿಸಿದ್ದು ಇದು. ಆಕ್ಸೈಡಿನ ಗೆರೆಯನ್ನು ನೆನಪಿಟ್ಟುಕೊಂಡರೆ, ಬ್ಯಾಟರಿ ಮತ್ತು ಬರಿಯ ನೀರಿನಿಂದ ಲೀಟರಿಗೆ 500 ಮಿಲಿಗ್ರಾಂ ಬೆಳ್ಳಿಯನ್ನು ಕರಗಿಸಿ ಇಡಲಾಗದು. ಒಂದೋ ಹೆಚ್ಚು ಕರಗುವ ಬೇರೆ ಲವಣವಿರಬೇಕು, ಇಲ್ಲವೇ ಬೆಳ್ಳಿಯನ್ನು ಹಿಡಿದು ನಿಲ್ಲಿಸುವ ಇನ್ನೊಂದು ವಸ್ತುವಿರಬೇಕು. ಲೇಬಲ್ಲಿನಲ್ಲಿ ‘ಬೆಳ್ಳಿ, ನೀರು’ ಎಂಬ ಎರಡೇ ಹೆಸರುಗಳು. ಬಾಟಲಿಯನ್ನು ಅಲ್ಲಾಡಿಸಿದೆ, ಎದ್ದ ನೊರೆ ಅರ್ಧ ಗಂಟೆಯಾದರೂ ಇಳಿಯಲಿಲ್ಲ. ಬರಿಯ ನೀರು ಹೀಗೆ ನೊರೆ ಹಿಡಿಯುವುದಿಲ್ಲ, ಪ್ರೋಟೀನು ಹಿಡಿಯುತ್ತದೆ. ಉಪ್ಪು ಹಾಕಿದರೆ ಮಬ್ಬೂ ಏಳಲಿಲ್ಲ. ಪ್ರೋಟೀನಿನ ತೆಕ್ಕೆಯಲ್ಲಿರುವ ಬೆಳ್ಳಿ ಕ್ಲೋರೈಡಿಗೆ ಸುಲಭವಾಗಿ ಸಿಗುವುದಿಲ್ಲ. ಇವೆರಡೂ ಸೇರಿದರೆ ಇದು ಹಳೆಯ ಕಾಲದ ‘ಸಿಲ್ವರ್ ಪ್ರೋಟೀನ್’ ಎಂದೇ ನನ್ನ ಊಹೆ. ಆಲ್ಬರ್ಟ್ ಬಾರ್ನ್ಸ್ ಎಂಬಾತ ಜರ್ಮನಿಯ ಹರ್ಮನ್ ಹಿಲ್ಲೆಯ ಜೊತೆ ಸೇರಿ 1902ರಲ್ಲಿ ‘ಆರ್ಜಿರಾಲ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದದ್ದು ಈ ಜಾತಿಯ ಔಷಧವನ್ನೇ. ಪ್ರತಿಜೈವಿಕಗಳು ಬರುವ ಮೊದಲು ನವಜಾತ ಶಿಶುಗಳ ಕಣ್ಣಿನ ಸೋಂಕನ್ನು ತಡೆಯಲು ಅದು ನಿಜವಾಗಿ ಬಳಕೆಯಲ್ಲಿತ್ತು. ಅದರ ಲಾಭದಿಂದ ಬಾರ್ನ್ಸ್ ಕೊಂಡು ಕೂಡಿಸಿದ ಸೆಜಾನ್ ಮತ್ತು ರೆನ್ವಾ ಚಿತ್ರಗಳು ಇಂದೂ ಫಿಲಡೆಲ್ಫಿಯಾದಲ್ಲಿವೆ. ನಮ್ಮ ಬಾಟಲಿಯಲ್ಲಿರುವ ಪ್ರೋಟೀನು ಜೆಲಟಿನ್ ಆಗಿದ್ದರೆ ಅದು ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ಬರುವ ವಸ್ತು. ಶನಿವಾರ ಈರುಳ್ಳಿಯನ್ನೂ ಮುಟ್ಟದ ನಮ್ಮ ಭಾವನವರಿಗೆ ಬೆಳ್ಳಿಗಿಂತ ಈ ಸಂಗತಿಯೇ ಹೆಚ್ಚು ಹೊಡೆಯಿತು.

ಅಳತೆಯ ವಿಚಾರದಲ್ಲಿ ನಾನು ಯಾರನ್ನೂ ಸುಮ್ಮನೆ ಹೆದರಿಸಲು ಇಚ್ಛಿಸುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಜೀವಮಾನವಿಡೀ ದಿನವೂ ಸೇವಿಸಬಹುದಾದ ಬೆಳ್ಳಿಯ ಮಿತಿಯನ್ನು ದೇಹತೂಕದ ಪ್ರತಿ ಕಿಲೋಗೆ 0.005 ಮಿಲಿಗ್ರಾಂ ಎಂದು ಇಟ್ಟಿದೆ. 60 ಕಿಲೋ ತೂಕದವರಿಗೆ 0.3 ಮಿಲಿಗ್ರಾಂ. ತಿಳಿ ಬಾಟಲಿಯ ಎರಡು ಚಮಚೆಯಲ್ಲಿರುವುದು 0.1 ಮಿಲಿಗ್ರಾಂ. ಅದನ್ನು ಕುಡಿದ ಮಾತ್ರಕ್ಕೆ ಯಾರಿಗೂ ಏನೂ ಆಗುವುದಿಲ್ಲ, ಒಳ್ಳೆಯದೂ ಸೇರಿದಂತೆ. ನಮ್ಮ ದೇಶದ ಕುಡಿಯುವ ನೀರಿನ ಮಾನಕ ಐಎಸ್ 10500 ಲೀಟರಿಗೆ 0.1 ಮಿಲಿಗ್ರಾಮಿಗಿಂತ ಹೆಚ್ಚು ಬೆಳ್ಳಿ ಇರಬಾರದು ಎನ್ನುತ್ತದೆ. ಬಾಟಲಿಯ ಸಾಂದ್ರತೆ ಅದರ ನೂರು ಪಟ್ಟು ಎಂಬುದನ್ನು ಮಾತ್ರ ಗಮನದಲ್ಲಿಡಬಹುದು. ಕಂದು ಬಾಟಲಿಯ ಲೆಕ್ಕ ಬೇರೆ. ದಿನಕ್ಕೊಂದು ಚಮಚೆ ಎಂದು ಅದರ ಮೇಲೆ ಬರೆದಿದೆ. ಒಂದು ಚಮಚೆಯಲ್ಲಿ 2.5 ಮಿಲಿಗ್ರಾಂ, ಮಿತಿಯ ಎಂಟು ಪಟ್ಟು.

ಹೀಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ದೇಹಕ್ಕೆ ಸೇರಿದ ಬೆಳ್ಳಿ ಚರ್ಮದಲ್ಲಿ ಗಂಧಕ ಮತ್ತು ಸೆಲೆನಿಯಮ್ ಜೊತೆಗೂಡಿ ಕಣಗಳಾಗಿ ಕೂರುತ್ತದೆ, ಬೆಳಕು ಬಿದ್ದಲ್ಲಿ ಬೇಗ ಕಪ್ಪಾಗುತ್ತದೆ, ಮುಖ ಮತ್ತು ಕೈಗಳು ಬೂದಿ ಮಿಶ್ರಿತ ನೀಲಿಗೆ ತಿರುಗುತ್ತವೆ. ಇದಕ್ಕೆ ಆರ್ಜಿರಿಯಾ ಎಂದು ಹೆಸರು, ಬಂದ ಬಣ್ಣ ತಾನಾಗಿ ಹೋಗುವುದಿಲ್ಲ. ಅಮೆರಿಕದ ಮೊಂಟಾನಾದ ರಾಜಕಾರಣಿ ಸ್ಟಾನ್ ಜೋನ್ಸ್, 2000ನೇ ಇಸವಿ ಬಂದಾಗ ಔಷಧಗಳು ಸಿಗದೇ ಹೋದಾವೆಂದು ಹೆದರಿ ಮನೆಯಲ್ಲೇ ಬೆಳ್ಳಿ ನೀರು ಮಾಡಿ ಕುಡಿದು ಹೀಗಾದವರು. ಅದೇ ದೇಶದ ಆಹಾರ ಮತ್ತು ಔಷಧ ಆಡಳಿತ 1999ರಲ್ಲಿಯೇ, ವೈದ್ಯರ ಚೀಟಿಯಿಲ್ಲದೆ ಮಾರುವ ಬೆಳ್ಳಿಯ ಕಲಿಲ ಔಷಧಗಳನ್ನು ಸುರಕ್ಷಿತವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಮಾನ್ಯ ಮಾಡಲಾಗದು ಎಂದು ತೀರ್ಮಾನಿಸಿತು. ಥೈರಾಯ್ಡಿನ ಮಾತ್ರೆ ಮತ್ತು ಕೆಲವು ಪ್ರತಿಜೈವಿಕಗಳು ದೇಹಕ್ಕೆ ಸೇರುವುದನ್ನು ಬೆಳ್ಳಿ ಕಡಿಮೆ ಮಾಡಬಲ್ಲದು ಎಂಬ ಎಚ್ಚರಿಕೆಯೂ ಇದೆ; ನಮ್ಮ ಅಕ್ಕ ಬೆಳಗ್ಗೆ ಎದ್ದೊಡನೆ ನುಂಗುವುದು ಥೈರಾಯ್ಡಿನ ಮಾತ್ರೆಯನ್ನೇ, ಆದ್ದರಿಂದ ಬಾಟಲಿಗಳನ್ನು ಅವರ ಅಡುಗೆಮನೆಯ ಕಪಾಟಿನಿಂದ ದೂರವಿಡಲು ಹೇಳಿದೆ.

ಕರಪತ್ರದ ಬಗ್ಗೆ ಒಂದೇ ಮಾತು: ಸಕ್ಕರೆ ಕಾಯಿಲೆಯಿಂದ ಕ್ಯಾನ್ಸರ್‌ವರೆಗೆ ಎಲ್ಲವನ್ನೂ ವಾಸಿ ಮಾಡುವುದಾಗಿ ಅದು ಹೇಳಿಕೊಳ್ಳುತ್ತದೆ, ಮತ್ತು ಇಂತಹ ಜಾಹೀರಾತುಗಳನ್ನು ನಿಷೇಧಿಸುವ ಕಾನೂನು ನಮ್ಮಲ್ಲಿ 1954ರಿಂದಲೂ ಇದೆ.

ಬೆಳ್ಳಿಯ ಮೇಲೆ ನನಗೆ ದ್ವೇಷವಿಲ್ಲ. ಸುಟ್ಟ ಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಜಿನ್ ಮುಲಾಮು, ಬೆಳ್ಳಿ ಲೇಪಿಸಿದ ನೀರಿನ ಫಿಲ್ಟರಿನ ಇದ್ದಿಲು, ಇವುಗಳಲ್ಲಿ ಅಯಾನು ತನ್ನ ಕೆಲಸದ ಜಾಗದಲ್ಲೇ ನಿಧಾನವಾಗಿ ಬಿಡುಗಡೆಯಾಗುತ್ತದೆ, ಅದಕ್ಕೇ ಉಪಯೋಗವಿದೆ. ಕ್ಲೋರೈಡು ಮತ್ತು ಬೆಳಕಿನ ಆಟವನ್ನು ನೋಡಬೇಕೆನ್ನುವವರಿಗೆ ಬೆರಳ ತುದಿಯೇ ಸಾಕು: ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗಿ 1962ರ ಚುನಾವಣೆಯಿಂದ ನಮ್ಮೆಲ್ಲರ ಉಗುರಿಗೆ ಅಂಟುತ್ತಿರುವ ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟ್. ಅದು ಚರ್ಮದ ಉಪ್ಪಿನೊಂದಿಗೆ ಕ್ಲೋರೈಡಾಗಿ ಬೆಳಕಿಗೆ ಕಪ್ಪಾಗುತ್ತದೆ. ಕಾಲೇಜಿನಲ್ಲಿ ನೈಟ್ರೇಟ್ ಚೆಲ್ಲಿಕೊಂಡ ನನ್ನ ಬೆರಳುಗಳು ಎಷ್ಟೋ ಸಲ ಚುನಾವಣೆಯಿಲ್ಲದೆಯೂ ಮತ ಹಾಕಿದಂತೆ ಕಾಣುತ್ತಿದ್ದವು.

ಮಾರ್ಕು ಕೊಡಬೇಕೆಂದರೆ ತಿಳಿ ಬಾಟಲಿಗೆ ಐದಕ್ಕೆ ಒಂದು, ಅದೂ 10 ಪಿಪಿಎಂ ಎಂಬ ಅಂಕಿ ರಸಾಯನಶಾಸ್ತ್ರದ ಮಿತಿಯೊಳಗೆ ನಂಬುವಂತಿದೆ ಎಂಬ ಕಾರಣಕ್ಕೆ. ಕಂದು ಬಾಟಲಿಗೆ ಸೊನ್ನೆ; ಒಳಗಿರುವುದನ್ನು ಹೆಸರಿಸದೆ ಕುಡಿಯಲು ಕೊಡುವ ವಸ್ತುವಿಗೆ ಬೇರೆ ಅಂಕವಿಲ್ಲ. ಅಂಗಡಿಯವರಿಗೆ ಮಾತ್ರ ಮೂರು ಕೊಡುತ್ತೇನೆ. ಶನಿವಾರ ಸಂಜೆ ಅವರ ಮುಂದೆಯೇ ಗಾಜಿನ ಲೋಟದಲ್ಲಿ ಉಪ್ಪಿನ ಹರಳು ಹಾಕಿ ತೋರಿಸಿದಾಗ ಅವರು ಸ್ವಲ್ಪ ಹೊತ್ತು ಲೋಟವನ್ನೇ ತಿರುಗಿಸಿ ನೋಡಿ, “ಕಂಪನಿಯವರು ಹೇಳಿದ್ದನ್ನು ನಾವು ಹೇಳುತ್ತೇವೆ ಸರ್” ಎಂದರು. ಮೊಹರು ಒಡೆದಿದ್ದರೂ ಕಂದು ಬಾಟಲಿಯನ್ನು ವಾಪಸು ತೆಗೆದುಕೊಂಡು, ದುಡ್ಡಿನ ಬದಲು ಅಷ್ಟೇ ಬೆಲೆಯ ಕಾಳುಮೆಣಸು, ಜೇನುತುಪ್ಪ ಕಟ್ಟಿಕೊಟ್ಟರು. ಭಾವನವರ ಕೆಮ್ಮಿಗೆ ವೈದ್ಯರು ಎದೆಯ ಎಕ್ಸ್‌ರೇ ಬರೆದುಕೊಟ್ಟಿದ್ದಾರೆ. ಮೊನ್ನೆ ಅಕ್ಕಿ ತರಲು ಹೋದಾಗ ಗಲ್ಲಾಪೆಟ್ಟಿಗೆಯ ಪಕ್ಕ ಕಂದು ಬಾಟಲಿಗಳು ಇರಲಿಲ್ಲ. ತಿಳಿ ಬಾಟಲಿಗಳು ಊದಿನಕಡ್ಡಿಯ ಸಾಲಿನ ಹಿಂದಕ್ಕೆ ಸರಿದಿದ್ದವು, ಬೆಲೆ 590 ಆಗಿತ್ತು.